ಕಾರ್ಲ್‌ಸ್ಟಾಡ್‌ನ ಗೆಳತಿ

ಉಪ್ಸಾಲಾ

ಸ್ವೀಡನ್ನಿಗೆ ಹೋಗಿಬಂದವರು ಸಾಮಾನ್ಯವಾಗಿ ಹೇಳುವ ಯಾವ ಜಾಗವನ್ನೂ ನಾನು ನೋಡಿಲ್ಲ. ಉತ್ತರದ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕನ್ನು ನೋಡಿಲ್ಲ, ಹಿಮದಲ್ಲಿ ಕಟ್ಟಿದ ಹೋಟೆಲನ್ನೂ ನೋಡಿಲ್ಲ. ಸುಮಾರು ಎರಡು ವರ್ಷ ಅಲ್ಲಿದ್ದು ನಾನು ಮಾಡಿದ ದೂರದ ಪ್ರಯಾಣ ಒಂದೇ. ಉಪ್ಸಾಲಾದಿಂದ ಕಾರ್ಲ್‌ಸ್ಟಾಡ್‌ಗೆ, ಮಗಳ ಗೆಳತಿಯ ಮನೆಗೆ, ನಾಲ್ಕು ದಿನದ ಮಟ್ಟಿಗೆ. ಅದು ೨೦೦೭ರ ಫೆಬ್ರವರಿ. ಮೀರಾಗೆ ಆಗ ಒಂಬತ್ತು ವರ್ಷ.

ನಾನು ಮೈಸೂರಿನ ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದವಳು. ಉಪ್ಸಾಲಾದಲ್ಲಿ ಎರಡು ವರ್ಷದ ಸಂಶೋಧನೆಗೆ ಅವಕಾಶ ಸಿಕ್ಕಾಗ ಮೀರಾಳನ್ನು ಕರೆದುಕೊಂಡು ಬಂದೆ. ನನ್ನ ಗಂಡ ಪ್ರಕಾಶ್‌ಗೆ ಕೆಲಸ ಬಿಟ್ಟು ಬರಲು ಆಗಲಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಕನ್ನಡದವರಿದ್ದರು. ಹೆಚ್ಚಿನವರು ಬೆಂಗಳೂರಿನ ಸಾಫ್ಟ್‌ವೇರ್ ಮಂದಿ. ದೀಪಾವಳಿ, ಯುಗಾದಿಗೆ ಒಂದು ಬಾಡಿಗೆ ಹಾಲ್‌ನಲ್ಲಿ ಸೇರಿ ಬಿಸಿಬೇಳೆಬಾತ್ ಮಾಡುತ್ತಿದ್ದರು. ನಾನು ಎರಡು ಸಲ ಹೋದೆ. ಎರಡೂ ಸಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಮನೆಯವ್ರು ಯಾವಾಗ ಬರ್ತಾರೆ?"

"ಅವರು ಬರಲ್ಲ, ನಾವೇ ವಾಪಸ್ ಹೋಗ್ತೀವಿ" ಎಂದರೆ, "ಓ, ಹೌದಾ. ಪಲ್ಯ ಹಾಕ್ಕೊಳಿ" ಎನ್ನುತ್ತಿದ್ದರು. ಮೂರನೇ ಸಲ ನಾನು ಹೋಗಲಿಲ್ಲ.

ಮೀರಾಳನ್ನು ಇಂಗ್ಲಿಷಿನಲ್ಲಿ ಪಾಠ ಹೇಳುವ ತರಗತಿಗೆ ಹಾಕಿದ್ದೆ. ಅಲ್ಲಿ ಎಲ್ಲ ಪರದೇಶದ ಮಕ್ಕಳೇ. ಮೊದಲ ತಿಂಗಳು ಅವಳು ಯಾರ ಜೊತೆಗೂ ಸೇರಲಿಲ್ಲ. ಒಂದು ಸಂಜೆ ಶಾಲೆಯ ಹತ್ತಿರದ ಆಟದ ಮೈದಾನದಲ್ಲಿ ಅವಳು ಒಬ್ಬಳೇ ಉಯ್ಯಾಲೆಯಲ್ಲಿ ಕೂತಿದ್ದಾಗ ದೂರದಿಂದ ಒಬ್ಬ ಹೆಂಗಸು "ಮೀರಾ! ಮೀರಾ!" ಎಂದು ಕೂಗಿದಳು. ಮೀರಾ ಉಯ್ಯಾಲೆಯಿಂದ ಹಾರಿ ಓಡಿದಳು. ಆ ಹೆಂಗಸು ತನ್ನ ಮಗಳಿಗೆ ಮರದ ಮೇಲಿನ ಅಳಿಲು ತೋರಿಸುತ್ತಿದ್ದಳು, ಅಷ್ಟೇ. ಸ್ಪ್ಯಾನಿಷ್ ಭಾಷೆಯಲ್ಲಿ ‘ಮೀರಾ’ ಎಂದರೆ ‘ನೋಡು’ ಎಂದಂತೆ. ನನ್ನ ಮಗಳು ಅವರ ಮುಂದೆ ಏದುಸಿರು ಬಿಡುತ್ತ ನಿಂತು, "ಯೆಸ್?" ಎಂದಳು. ಆ ಹೆಂಗಸಿಗೆ ಅರ್ಥವಾಗಿ, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅವಳೇ ಪಿಲಾರ್. ಮಗಳು ಇನೆಸ್, ಮೀರಾಳ ತರಗತಿಯಲ್ಲೇ ಇದ್ದವಳು. ಗಂಡ ನಾಚೊ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದವನು. ಸ್ಪೇನಿನ ಸರಗೋಸಾದವರು.

ಆಮೇಲೆ ವಾರಕ್ಕೆ ಎರಡು ಮೂರು ಸಲ ಮೀರಾ ಅವರ ಮನೆಗೆ ಹೋಗುತ್ತಿದ್ದಳು, ಇಲ್ಲವೇ ಇನೆಸ್ ನಮ್ಮಲ್ಲಿಗೆ. ಅದಕ್ಕೆ ಮುಂಚೆ ಮೀರಾ ಹೋಗಿದ್ದ ಮನೆ ಒಂದೇ, ನಮ್ಮ ಕಟ್ಟಡದ ಕೆಳಮನೆಯ ಸ್ವೀಡಿಷ್ ಹುಡುಗಿಯದು. ಆಟದ ಮಧ್ಯೆ ಊಟದ ಹೊತ್ತಾದಾಗ ಆ ಮನೆಯವರು ತಮ್ಮ ಮಗಳನ್ನು ಊಟಕ್ಕೆ ಕರೆದರು, ಮೀರಾ ಕೋಣೆಯಲ್ಲೇ ಗೊಂಬೆಗಳ ಜೊತೆ ಕಾದಳು. ಮನೆಗೆ ಬಂದು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಮಾರನೇ ದಿನ ಮೆಟ್ಟಿಲಲ್ಲಿ ಸಿಕ್ಕ ಆ ತಾಯಿ ಬಹಳ ನಯವಾಗಿಯೇ ವಿವರಿಸಿದಳು: "ನೀವು ಮನೆಯಲ್ಲಿ ಅಡಿಗೆ ಮಾಡಿಟ್ಟಿರುತ್ತೀರಿ. ನಾನು ಇಲ್ಲಿ ಊಟ ಹಾಕಿ ಅದನ್ನು ಕೆಡಿಸುವುದು ಸರಿಯಲ್ಲ ಅಲ್ಲವೇ?" ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಆಡಿದೆವೋ ಅವರ ಮನೆಯಲ್ಲೇ ಉಂಡು ಬೆಳೆದವಳಿಗೆ ಅದು ಜೀರ್ಣವಾಗಲಿಲ್ಲ.

ಪಿಲಾರ್‌ಳ ಮನೆ ಇದಕ್ಕೆ ಪೂರಾ ತಿರುವುಮುರುವು. ಮಗಳನ್ನು ಕರೆತರಲು ಹೋದರೆ ನನ್ನ ಕೋಟನ್ನೂ ಕಿತ್ತುಕೊಂಡು ಒಳಗಿಡುತ್ತಿದ್ದಳು. ಮೊದಲ ದಿನ ನಾನು ಮಾಂಸ ತಿನ್ನುವುದಿಲ್ಲವೆಂದು ಬೇಳೆ ಬೇಯಿಸಿದ್ದಳು. ಚಮಚ ಹಾಕಿದರೆ ತಳದಿಂದ ಕೆಂಪಗಿನ ಮಾಂಸದ ಬಿಲ್ಲೆ ತೇಲಿ ಬಂತು. "ಅದು ರುಚಿಗೆ ಅಷ್ಟೇ" ಎಂದಳು, ನಾವು ಸಾರಿಗೆ ಇಂಗು ಹಾಕಿದ್ದನ್ನು ಹೇಳುವ ಹಾಗೆ. ಆಮೇಲೆ ನನಗಾಗಿ ಆಲೂಗಡ್ಡೆ ಮೊಟ್ಟೆಯ ದಪ್ಪ ದೋಸೆಯಂಥ ತೊರ್ತೀಯಾ ಮಾಡತೊಡಗಿದಳು. ಮೊಟ್ಟೆ ನಮ್ಮ ಮನೆಯಲ್ಲಿ ನಿಷಿದ್ಧ. ಆದರೆ ಉಪ್ಸಾಲಾದ ಮೊದಲ ಚಳಿಗಾಲ ಮುಗಿಯುವುದರೊಳಗೆ ನನ್ನ ಲೆಕ್ಕದಲ್ಲಿ ಮೊಟ್ಟೆ ತರಕಾರಿಯಾಗಿಬಿಟ್ಟಿತ್ತು. ನನ್ನ ಹೆಸರು ವಸುಧಾ. ಅವಳ ಬಾಯಲ್ಲಿ ಅದು ‘ಬಸುದಾ’. ವಕಾರ ಕಂಡಲ್ಲೆಲ್ಲ ಬಕಾರ ಮಾಡುವುದು ನಮ್ಮಲ್ಲಿ ಹಳಬರ ರೂಢಿ. ಅಷ್ಟು ದೂರ ಬಂದು ಅದನ್ನು ಕೇಳಿದಾಗ ಯಾರೋ ಸೋದರತ್ತೆ ಕರೆದಂತಾಗುತ್ತಿತ್ತು. ನಮ್ಮಿಬ್ಬರ ನಡುವೆ ಇದ್ದದ್ದು ಹರಕು ಇಂಗ್ಲಿಷು. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಒಂದು ವರ್ಷ ಹೀಗೆ ಕಳೆಯಿತು. ೨೦೦೬ರ ಆಗಸ್ಟಿನಲ್ಲಿ ನಾಚೊಗೆ ಕಾರ್ಲ್‌ಸ್ಟಾಡ್‌ನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ ಅವರು ಹೊರಟುಹೋದರು. ಮೀರಾ ಮತ್ತೆ ಉಯ್ಯಾಲೆಯಲ್ಲಿ ಒಬ್ಬಳೇ ಕೂರತೊಡಗಿದಳು. ಇನೆಸ್‌ಳಿಂದ ಕಾರ್ಡು ಬರುತ್ತಿದ್ದವು. ಸೆಪ್ಟೆಂಬರಿನಲ್ಲಿ ಒಂದು, ಅಕ್ಟೋಬರಿನಲ್ಲಿ, ಡಿಸೆಂಬರಿನಲ್ಲಿ, ಜನವರಿಯಲ್ಲಿ. ಸೊಟ್ಟಸೊಟ್ಟ ಅಕ್ಷರದಲ್ಲಿ, ‘ನಿನ್ನ ನೆನಪಾಗುತ್ತದೆ, ನಿನ್ನ ಅಮ್ಮ ಹೇಗಿದ್ದಾರೆ, ಯಾವಾಗ ಬರುತ್ತೀರಿ’ ಎಂದು. ಮೀರಾ ಓದಿ ಮೇಜಿನ ಮೇಲಿಡುತ್ತಿದ್ದಳು. ಉತ್ತರ ಬರೆಯಲು ನಾನೇ ಕೂರಿಸಬೇಕಿತ್ತು.

ಅದೇ ಹೊತ್ತಿಗೆ ನನ್ನ ಪ್ರೊಫೆಸರ್, ಬೇಕಿದ್ದರೆ ಇನ್ನೊಂದು ವರ್ಷ ಇರಬಹುದು, ಫೆಬ್ರವರಿ ಮುಗಿಯುವುದರೊಳಗೆ ತಿಳಿಸಿ ಎಂದರು. ನನಗೆ ಇರಬೇಕೆಂಬ ಆಸೆ. ಕೆಲಸ ಆಗಷ್ಟೇ ಹಿಡಿತಕ್ಕೆ ಬಂದಿತ್ತು. ಪ್ರಕಾಶ್ ಫೋನಿನಲ್ಲಿ ಜಗಳವಾಡಲಿಲ್ಲ.

"ಮೀರಾನ್ನ ಕೇಳು. ಅವಳು ಹೂಂ ಅಂದ್ರೆ ಇರಿ. ನನ್ನನ್ನ ಕೇಳ್ಬೇಡ" ಎಂದು ಇಟ್ಟುಬಿಟ್ಟರು.

ನಾನು ಮೀರಾಳನ್ನು ನೇರವಾಗಿ ಕೇಳಲಿಲ್ಲ. ಫೆಬ್ರವರಿಯ ಶಾಲಾ ರಜೆಯಲ್ಲಿ ಇನೆಸ್‌ಳ ಮನೆಗೆ ಹೋಗಿಬಂದರೆ ಅವಳ ಮನಸ್ಸು ಅರಳುತ್ತದೆ, ಆಗ ಕೇಳೋಣ ಎಂದುಕೊಂಡೆ.

"ಕಾರ್ಲ್‌ಸ್ಟಾಡ್‌ಗೆ ಹೋಗೋಣ್ವಾ?" ಎಂದೆ.

"ಸರಿ" ಎಂದಳು. ಅದನ್ನು ಸಂತೋಷವೆಂದು ನಾನು ತಿಳಿದುಕೊಂಡೆ.

ಗುರುವಾರ, ರೈಲು

ಸ್ಟಾಕ್‌ಹೋಮ್‌ನಲ್ಲಿ ರೈಲು ಬದಲಿಸಿ ಕೂತೆವು. ನನ್ನ ಬ್ಯಾಗಿನಲ್ಲಿ ಕೋಡುಬಳೆ, ಚಕ್ಕುಲಿ, ಅತ್ತೆ ಕಳಿಸಿದ್ದ ಸಾಂಬಾರ್ ಪುಡಿಯಲ್ಲಿ ಅರ್ಧ, ಪಿಲಾರ್‌ಗೆ ಒಂದು ಇಳಕಲ್ ಕುಪ್ಪಸದ ಬಟ್ಟೆ. ಮೀರಾಳ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಪುಸ್ತಕ. ಅವಳು ಪುಸ್ತಕ ಬಿಚ್ಚಿದಳು. ನಾನು ಮಾತಾಡುತ್ತಲೇ ಇದ್ದೆ. ಇನೆಸ್ ಎಷ್ಟು ಉದ್ದ ಆಗಿರ್ತಾಳೋ, ನೆನಪಿದೆಯಾ ನೀವಿಬ್ರೂ ನಮ್ಮ ಬಾತ್‌ಟಬ್ಬಿನಲ್ಲಿ ಅಂಗಡಿ ಇಟ್ಟಿದ್ದು, ನೆನಪಿದೆಯಾ ಅವಳು ಉಪ್ಪಿನಕಾಯಿ ನೆಕ್ಕಿ ಓಡಿದ್ದು.

ಎದುರಿನ ಸಾಲಿನ ಮುದುಕರೊಬ್ಬರು ಪತ್ರಿಕೆ ಇಳಿಸಿ ನನ್ನನ್ನು ನೋಡಿದರು. ಮತ್ತೆ ಓದಿದರು. ಮತ್ತೆ ಇಳಿಸಿದರು. ಕೊನೆಗೆ ಎದ್ದು ಬಂದು, ಒಂದು ಮಾತೂ ಆಡದೆ, ಕಿಟಕಿಯ ಮೇಲಿನ ಒಂದು ಚೀಟಿಯ ಮೇಲೆ ಬೆರಳಿಟ್ಟು ವಾಪಸ್ಸು ಹೋಗಿ ಕೂತರು. ನನಗೆ ಓದಲು ಬರಲಿಲ್ಲ.

ಮೀರಾ ನನ್ನ ಕಿವಿಯ ಹತ್ತಿರ ಬಾಗಿದಳು. "ಅಮ್ಮ, ಇದು ಸೈಲೆಂಟ್ ಬೋಗಿ. ಇಲ್ಲಿ ಯಾರೂ ಮಾತಾಡೋ ಹಾಗಿಲ್ಲ."

ನಾನು ಸುತ್ತ ನೋಡಿದೆ. ಬೋಗಿಯ ತುಂಬ ಜನ ಇದ್ದರು, ಒಂದು ಕೆಮ್ಮು ಕೂಡ ಇರಲಿಲ್ಲ. ನಮ್ಮಲ್ಲಾದರೆ ಮೈಸೂರು ಬಿಟ್ಟ ರೈಲು ಮಂಡ್ಯ ಮುಟ್ಟುವುದರೊಳಗೆ ಎದುರಿನವರ ಮಗಳ ಜಾತಕ ಕೂಡ ಗೊತ್ತಾಗಿರುತ್ತದೆ. ಇಲ್ಲಿ ಸುಮ್ಮನಿರುವುದಕ್ಕೆಂದೇ ಜನ ಸೀಟು ಹುಡುಕಿ ಕೂರುತ್ತಾರೆ. ನನಗೆ ಒಂದೂವರೆ ವರ್ಷದಿಂದ ಹೋದಲ್ಲೆಲ್ಲ ಅದೇ ಬೋಗಿ ಸಿಕ್ಕಿದಂತಿತ್ತು. ಉಳಿದ ದಾರಿ ಕಿಟಕಿಯ ಹೊರಗಿನ ಹಿಮ ನೋಡುತ್ತ ಕೂತೆ.

ಕ್ರಿಸ್ಟೀನೆಹಾಮ್ನ್ ಎಂಬಲ್ಲಿ ಹಳಿಯ ಮೇಲೆ ಹಿಮ ಕಟ್ಟಿ ರೈಲು ನಿಂತಿತು. ಎಲ್ಲರನ್ನೂ ಇಳಿಸಿ ಬಸ್ಸಿಗೆ ಹತ್ತಿಸಿದರು. ಯಾರೂ ಗೊಣಗಲಿಲ್ಲ, ಯಾರೂ ಕಾರಣ ಕೇಳಲಿಲ್ಲ. ಬಸ್ಸಿಗೆ ಕಾಯುವಾಗ ಒಬ್ಬರಿಗೊಬ್ಬರು ಎರಡು ಮೊಳ ಅಂತರ ಬಿಟ್ಟು ನಿಂತಿದ್ದರು. ನನ್ನನ್ನು ಎಚ್ಚರಿಸಿದ್ದ ಮುದುಕರು ಈಗ ನನ್ನ ದೊಡ್ಡ ಬ್ಯಾಗನ್ನು ತಾವಾಗಿ ಎತ್ತಿ ಬಸ್ಸಿನ ಹೊಟ್ಟೆಯೊಳಗೆ ಇಟ್ಟರು. ಆಗಲೂ ಮಾತಾಡಲಿಲ್ಲ.

ಗುರುವಾರ ಸಂಜೆ, ಕಾರ್ಲ್‌ಸ್ಟಾಡ್

ನಿಲ್ದಾಣದಲ್ಲಿ ಪಿಲಾರ್ ಒಬ್ಬಳೇ ನಿಂತಿದ್ದಳು. ಓಡಿಬಂದು ನನ್ನನ್ನು ತಬ್ಬಿಕೊಂಡಳು, ಎರಡೂ ಕೆನ್ನೆಗೆ ಮುತ್ತಿಟ್ಟಳು, ಮೀರಾಳ ಟೋಪಿ ಕಿತ್ತು ತಲೆಗೂ ಒಂದು ಮುತ್ತಿಟ್ಟಳು.

"ಇನೆಸ್ ಎಲ್ಲಿ?" ಎಂದೆ.

"ಜಿಮ್ನಾಸ್ಟಿಕ್ಸ್ ಕ್ಲಾಸು. ತಪ್ಪಿಸುವುದಿಲ್ಲ ಅಂದಳು. ಮನೆಗೆ ಬರ್ತಾಳೆ" ಎಂದು ಪಿಲಾರ್ ಬೇಗಬೇಗ ಹೇಳಿ ಬ್ಯಾಗು ಎತ್ತಿಕೊಂಡಳು.

ಊರಿಗೆ ಕಾಲಿಟ್ಟ ಕೂಡಲೇ ಕಾಫಿ ಹುರಿಯುವ ವಾಸನೆ ಮೂಗಿಗೆ ಹೊಡೆಯಿತು. ಅಲ್ಲೊಂದು ಕಾಫಿ ಕಾರ್ಖಾನೆ ಇದೆಯಂತೆ. ಸುತ್ತ ಮೊಣಕಾಲುದ್ದ ಹಿಮ, ಗಾಳಿಯಲ್ಲಿ ಮಾತ್ರ ಮೈಸೂರಿನ ಕಾಫಿಪುಡಿ ಅಂಗಡಿ. ನಾನು ರಸ್ತೆಯಲ್ಲಿ ನಿಂತು ಎರಡು ಸಲ ಉಸಿರೆಳೆದುಕೊಂಡೆ.

ಇನೆಸ್ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಬೆನ್ನಿನವರೆಗಿದ್ದ ಕೂದಲು ಕಿವಿಯ ಮಟ್ಟಕ್ಕೆ ಬಂದಿತ್ತು. ಮೀರಾಳಿಗಿಂತ ಅರ್ಧ ತಲೆ ಎತ್ತರ ಆಗಿದ್ದಳು. ಬಾಗಿಲಲ್ಲಿ ಬೂಟು ಬಿಚ್ಚಿ ಸಾಲಾಗಿ ಜೋಡಿಸಿ, "ಹಾಯ್" ಎಂದಳು. ಮೀರಾಳೂ "ಹಾಯ್" ಎಂದಳು. ಅಷ್ಟಾದ ಮೇಲೆ ಇಬ್ಬರೂ ನಮ್ಮ ಕಡೆ ನೋಡಿದರು.

ಪಿಲಾರ್ ಮಗಳಿಗೆ ಸ್ಪ್ಯಾನಿಷಿನಲ್ಲಿ ಏನೋ ಹೇಳಿದಳು. ಮಗಳು ಸ್ವೀಡಿಷಿನಲ್ಲಿ ಉತ್ತರ ಕೊಟ್ಟಳು. ಉಪ್ಸಾಲಾದಲ್ಲಿ ಇನೆಸ್‌ಗೆ ನಾಲ್ಕು ಸ್ವೀಡಿಷ್ ಮಾತೂ ಬರುತ್ತಿರಲಿಲ್ಲ. ಇಲ್ಲಿ ಊರಿನ ಶಾಲೆಗೇ ಹಾಕಿದ್ದರು. ಆರೇ ತಿಂಗಳು.

ಊಟ ಐದೂವರೆಗೆ. ಉಪ್ಸಾಲಾದಲ್ಲಿ ಇವರು ಒಂಬತ್ತಕ್ಕೆ ಮುಂಚೆ ತಟ್ಟೆ ಹಾಕಿದವರಲ್ಲ. ನಾಚೊ ನನ್ನ ಮುಖ ನೋಡಿ ಅರ್ಥಮಾಡಿಕೊಂಡ.

"ಏನು ಮಾಡುವುದು, ಬಸುದಾ? ಮಗಳು ಈಗ ಐದಕ್ಕೇ ಹಸಿವು ಅಂತಾಳೆ. ಎಂಟಕ್ಕೆ ಮಲಗ್ತಾಳೆ. ನಾವಿಬ್ಬರು ಮುದುಕರ ಹಾಗೆ ಸುಮ್ಮನೆ ಕೂತಿರ್ತೀವಿ."

ಊಟದ ನಡುವೆ ಇನೆಸ್ ಇಂಗ್ಲಿಷಿನಲ್ಲಿ ಮೀರಾಳನ್ನು ಕೇಳಿದಳು: "ನಿನಗೆ ಇನ್ನೂ ಸ್ವಲ್ಪ ಜ್ಯೂಸ್ ಬೇಕಾ?" ಬಹಳ ಚೆನ್ನಾಗಿ, ಸ್ಪಷ್ಟವಾಗಿ ಕೇಳಿದಳು. ಒಂದು ಕಾಲಕ್ಕೆ ಒಂದೇ ಲೋಟಕ್ಕೆ ಎರಡು ಸ್ಟ್ರಾ ಹಾಕಿ ಕುಡಿಯುತ್ತಿದ್ದವರು ಇವರು. ಜಗಳವಾಡಿದ್ದರೂ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಶುಕ್ರವಾರ

ಬೆಳಿಗ್ಗೆ ಎದ್ದಾಗ ಇನೆಸ್ ಶಾಲೆಗೆ ಹೊರಟು ನಿಂತಿದ್ದಳು. ಅದು ನನ್ನ ತಪ್ಪು. ಚಳಿಗಾಲದ ಈ ರಜೆ ಸ್ವೀಡನ್ನಿನಲ್ಲಿ ಒಂದೊಂದು ಸೀಮೆಗೆ ಒಂದೊಂದು ವಾರ. ಉಪ್ಸಾಲಾಕ್ಕೆ ಈ ವಾರ, ಕಾರ್ಲ್‌ಸ್ಟಾಡ್‌ಗೆ ಮುಂದಿನ ವಾರ. ಪಿಲಾರ್‌ಗೆ ಅದು ಗೊತ್ತಿತ್ತು.

"ಹೇಳಿದರೆ ನೀನು ಬರುತ್ತಿರಲಿಲ್ಲ" ಎಂದಳು.

ಅವಳು ಒಂದು ಶಿಶುವಿಹಾರದಲ್ಲಿ ಅರ್ಧ ದಿನ ಕೆಲಸ ಮಾಡುತ್ತಿದ್ದಳು. ಸರಗೋಸಾದಲ್ಲಿ ಹೈಸ್ಕೂಲಿನ ಇತಿಹಾಸದ ಟೀಚರ್ ಆಗಿದ್ದವಳು ಇಲ್ಲಿ ಮಕ್ಕಳ ಮೂಗು ಒರೆಸಿ ಹಿಮದಲ್ಲಿ ಒದ್ದೆಯಾಗದ ಪ್ಯಾಂಟು ತೊಡಿಸುತ್ತಿದ್ದಳು. ಆ ದಿನ ರಜೆ ಹಾಕಿದ್ದಳು. ನಾವು ಮೂವರು ಹೊಳೆಯ ಪಕ್ಕ ನಡೆದೆವು. ನೀರಿನ ಅಂಚು ಹೆಪ್ಪುಗಟ್ಟಿ ನಡುವೆ ಮಾತ್ರ ಕಪ್ಪಗೆ ಹರಿಯುತ್ತಿತ್ತು. ಪಿಲಾರ್ ಮಾತಾಡುತ್ತಿದ್ದಳು, ನಾನು ಮಾತಾಡುತ್ತಿದ್ದೆ, ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದೆವು. ಅವಳ ಅಮ್ಮನ ಮಂಡಿನೋವು, ನನ್ನ ಪ್ರಯೋಗ ಕೆಟ್ಟದ್ದು, ನಾಚೊ ಮನೆಯಲ್ಲಿ ಬಾಯಿ ಬಿಡುವುದು ಕಡಿಮೆಯಾಗಿದ್ದು, ಪ್ರಕಾಶ್ ಫೋನು ಬೇಗ ಇಡುವುದು. ಮೀರಾ ಮೊದಲು ನಮ್ಮಿಬ್ಬರ ನಡುವೆ ಇದ್ದಳು, ಆಮೇಲೆ ಮುಂದೆ ಹೋದಳು. ತಿರುಗಿ ನೋಡಿದಾಗಲೆಲ್ಲ ನಾನು ಕೈಬೀಸಿದೆ. ಅವಳೂ ಕೈಬೀಸಿದಳು.

ಮಧ್ಯಾಹ್ನ ಇನೆಸ್ ಇನ್ನೊಬ್ಬ ಹುಡುಗಿಯನ್ನು ಕರೆದುಕೊಂಡು ಬಂದಳು. ಹೆಸರು ಎಲ್ಸಾ, ಬೆಳ್ಳಗಿನ ಹುಬ್ಬು, ನಗುಮುಖ. ಮೂವರೂ ಇನೆಸ್‌ಳ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ನಾನು ನೆಪ ಮಾಡಿಕೊಂಡು ಕೋಡುಬಳೆ ತಟ್ಟೆ ಹಿಡಿದು ಹೋದೆ. ಇಬ್ಬರು ನೆಲದ ಮೇಲೆ ಬೋರಲು ಮಲಗಿ ಏನೋ ಚಿತ್ರ ಬರೆಯುತ್ತ ಗಳಗಳ ಸ್ವೀಡಿಷ್ ಮಾತಾಡುತ್ತಿದ್ದರು. ಮೀರಾ ಮಂಚದ ತುದಿಯಲ್ಲಿ ಕೂತಿದ್ದಳು. ಎಲ್ಸಾ ಏನೋ ಕೇಳಿದಳು. ಇನೆಸ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

"ನೀನು ಎಷ್ಟು ದಿನ ಇರ್ತೀಯ ಅಂತ ಎಲ್ಸಾ ಕೇಳ್ತಿದಾಳೆ."

"ಸಂಡೇವರೆಗೆ" ಎಂದಳು ಮೀರಾ.

ಎಲ್ಸಾ ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ತಟ್ಟೆ ಇಟ್ಟು ಬಂದೆ.

ಐದೂವರೆಗೆ ನಾಚೊ ಊಟಕ್ಕೆ ಕರೆದ. ಇನೆಸ್, ಮೀರಾ ಬಂದು ಕೂತರು. ಎಲ್ಸಾ ಬರಲಿಲ್ಲ.

ಪಿಲಾರ್ ಕೇಳಿದ್ದಕ್ಕೆ ಇನೆಸ್ ತಲೆ ಎತ್ತದೆ, "ಅವಳು ಕಾಯ್ತಾಳೆ. ಅವಳ ಮನೆಯಲ್ಲಿ ಊಟ ಇದೆ" ಎಂದಳು.

ಪಿಲಾರ್‌ಳ ಮುಖ ಕೆಂಪಾಯಿತು. "ನಾನು ಚಿಕ್ಕವಳಿದ್ದಾಗ ಹೀಗೆ ಮಾಡಿದ್ದರೆ ನಮ್ಮಮ್ಮ ಕಪಾಳಕ್ಕೆ ಕೊಡುತ್ತಿದ್ದಳು" ಎಂದು ನನಗೆ ಹೇಳಿದಳು. ಏಳಲು ಹೋದಳು. ನಾಚೊ ಅವಳ ಕೈಮೇಲೆ ಕೈಯಿಟ್ಟು, ಇರಲಿ, ಎಂಬಂತೆ ತಲೆ ಆಡಿಸಿದ.

ಆಗ ಮೀರಾ ಎದ್ದಳು. ಒಂದು ಸಣ್ಣ ತಟ್ಟೆಗೆ ತನ್ನ ಪಾಲಿನ ತೊರ್ತೀಯಾದ ಅರ್ಧ ಹಾಕಿಕೊಂಡು, ಫೋರ್ಕ್ ಇಟ್ಟುಕೊಂಡು, ಯಾರನ್ನೂ ಕೇಳದೆ ಕೋಣೆಗೆ ಹೋದಳು. ಎಲ್ಸಾಳ ದನಿ ಕೇಳಿಸಿತು. "ನೆಯ್ ತಾಕ್", ಬೇಡ, ಥ್ಯಾಂಕ್ಸ್. ಮೀರಾ ತಟ್ಟೆ ಹಿಡಿದುಕೊಂಡು ಹೋದ ಹಾಗೆಯೇ ವಾಪಸ್ಸು ಬಂದಳು. ಕೂತು, ಆ ಅರ್ಧವನ್ನೂ ತಾನೇ ತಿಂದಳು. ನನಗೆ ಅವಳನ್ನು ಎತ್ತಿಕೊಂಡು ಅಲ್ಲಿಂದ ಎದ್ದುಬಿಡಬೇಕೆನಿಸಿತು. ಎತ್ತಿಕೊಳ್ಳುವ ವಯಸ್ಸು ದಾಟಿತ್ತು.

ಶನಿವಾರ

ಪಿಲಾರ್‌ಳ ಕಟ್ಟಡದ ಹಿಂದೆ ಶಾಲೆಯ ಮೈದಾನ. ಚಳಿಗಾಲದಲ್ಲಿ ಅದಕ್ಕೆ ನೀರು ಬಿಟ್ಟು ಹೆಪ್ಪುಗಟ್ಟಿಸಿ ಜಾರುವ ಅಂಗಳ ಮಾಡುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಇನೆಸ್, ಎಲ್ಸಾ, ಮೀರಾ ಅಲ್ಲಿಗೆ ಹೋದರು. ಮೀರಾಳಿಗೆ ಇನೆಸ್‌ಳ ಹಳೆಯ ಸ್ಕೇಟು ಸರಿಹೋಗಿತ್ತು. ನಾನು, ಪಿಲಾರ್ ಅಡಿಗೆಮನೆಯ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತೆವು. ಮೂರು ಟೋಪಿಗಳು ಕಾಣುತ್ತಿದ್ದವು. ಕೆಂಪು ಮೀರಾಳದು.

ಇನೆಸ್ ಮೊದಲು ಮೀರಾಳ ಕೈಹಿಡಿದು ಎರಡು ಸುತ್ತು ಹಾಕಿಸಿದಳು. ಆಮೇಲೆ ಅವಳನ್ನು ಬೇಲಿಯ ಹತ್ತಿರ ಬಿಟ್ಟು ಎಲ್ಸಾಳ ಹಿಂದೆ ಜಾರಿಕೊಂಡು ಹೋದಳು. ಹೋಗುವಾಗ ಏನೋ ಹೇಳಿದಳು, ಪ್ರಾಯಶಃ ‘ಈಗ ಬಂದೆ’ ಎಂದಿರಬೇಕು. ಕೆಂಪು ಟೋಪಿ ಬೇಲಿ ಹಿಡಿದು ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಚಳಿಗೆ ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಡುತ್ತಿದ್ದಳು. ಉಳಿದಿಬ್ಬರು ಅಂಗಳದ ಆ ತುದಿಯಲ್ಲಿ ಗಿರಗಿರ ತಿರುಗುತ್ತಿದ್ದರು.

ನಾನು ಕೋಟು ತೆಗೆದುಕೊಂಡೆ. ಪಿಲಾರ್ ತೋಳು ಹಿಡಿದಳು.

"ಬೇಡ. ನೀನು ಹೋದರೆ ಅವಳಿಗೆ ಇನ್ನೂ ಅವಮಾನ."

"ಇಷ್ಟು ಕಾರ್ಡು ಬರೆದವಳು ಹೀಗೆ ಬಿಟ್ಟು ಹೋಗ್ತಾಳಲ್ಲ!" ಎಂದೆ. ದನಿ ಜೋರಾಗಿತ್ತು. "ನಿನ್ನ ನೆನಪಾಗುತ್ತದೆ, ಯಾವಾಗ ಬರುತ್ತೀರಿ ಅಂತ ತಿಂಗಳು ತಿಂಗಳು ಬರೆದಳಲ್ಲ!"

ಪಿಲಾರ್ ಕಾಫಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಸೆಪ್ಟೆಂಬರಿನದು ಮಾತ್ರ ಇನೆಸ್ ಬರೆದದ್ದು" ಎಂದಳು. "ಉಳಿದದ್ದು ನಾನು. ಎಡಗೈಯಲ್ಲಿ ಬರೆದೆ, ಮಗು ಬರೆದ ಹಾಗೆ ಕಾಣಲಿ ಅಂತ."

ಕೋಟನ್ನು ಕುರ್ಚಿಯ ಮೇಲೆ ಹಾಕಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಮುಂದುವರಿಸಿದಳು.

"ಬರಿ ಅಂತ ಅವಳಿಗೆ ಹೇಳಿದೆ, ಬಯ್ದೆ. ಅವಳಿಗೆ ಮನಸ್ಸಿರಲಿಲ್ಲ. ಮಕ್ಕಳು ಹಾಗೇ, ಬಸುದಾ, ಎದುರಿಗೆ ಇದ್ದವರು ಸಾಕು ಅವರಿಗೆ. ಆದರೆ ಕಾರ್ಡು ನಿಂತರೆ ನಿನ್ನ ಫೋನೂ ನಿಲ್ಲುತ್ತದೆ ಅಂತ ನನಗೆ ಹೆದರಿಕೆ. ಈ ಊರಿನಲ್ಲಿ ನಾನು ಮಾತಾಡುವುದು ಮೂರು ವರ್ಷದ ಮಕ್ಕಳ ಜೊತೆ ಮಾತ್ರ."

ಆಗ ನನ್ನ ಗುಟ್ಟೂ ಹೇಳದೆ ವಿಧಿಯಿರಲಿಲ್ಲ. ಮೀರಾಳ ಉತ್ತರಗಳೂ ಅವಳವಲ್ಲ. ನಾನು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಹೇಳಿ ಬರೆಸಿದ್ದು. ‘ಇಲ್ಲಿ ಹಿಮ ಬಿದ್ದಿದೆ. ಅಮ್ಮ ನಿನ್ನ ಅಮ್ಮನನ್ನು ತುಂಬ ನೆನೆಯುತ್ತಾಳೆ.’ ಆ ಕೊನೆಯ ಸಾಲನ್ನು ಒಂಬತ್ತು ವರ್ಷದ ಹುಡುಗಿ ಬರೆಯುತ್ತಾಳೆಯೇ?

ಪಿಲಾರ್ ನನ್ನನ್ನು ನೋಡಿದಳು. "ಹಾಗಾದರೆ ನಾನು ಬರೆದದ್ದು ನಿನಗೆ, ನೀನು ಬರೆದದ್ದು ನನಗೆ" ಎಂದಳು. ನಗಲು ಹೋಗಿ ಅತ್ತಳು. ನಾನೂ ಅತ್ತೆ. ಮದುವೆಯಾಗಿ ಗಂಡನ ಮನೆಗೆ ಹೋಗುವ ದಿನ ಕೂಡ ನಾನು ಹಾಗೆ ಅತ್ತವಳಲ್ಲ.

ಮತ್ತೆ ಕಿಟಕಿಯತ್ತ ನೋಡಿದಾಗ ಬೇಲಿಯ ಹತ್ತಿರ ಕೆಂಪು ಟೋಪಿ ಇರಲಿಲ್ಲ. ಬಾಗಿಲು ತೆರೆದ ಸದ್ದಾಯಿತು. ಮೀರಾ ಸ್ಕೇಟುಗಳನ್ನು ದಾರದಲ್ಲಿ ಕಟ್ಟಿ ಕೈಯಲ್ಲಿ ಹಿಡಿದು ನಿಂತಿದ್ದಳು. ನಮ್ಮಿಬ್ಬರ ಮುಖ ನೋಡಿದಳು.

"ಚಳಿ ಆಯ್ತು" ಎಂದಳು, ಅಷ್ಟೇ. ಪಿಲಾರ್ ಅವಳ ಎರಡೂ ಪಾದಗಳನ್ನು ತನ್ನ ಮಡಿಲಿಗೆ ಎತ್ತಿಕೊಂಡು ತಿಕ್ಕತೊಡಗಿದಳು.

ಭಾನುವಾರ, ವಾಪಸ್ಸು

ಬೀಳ್ಕೊಡಲು ಇನೆಸ್ ನಿಲ್ದಾಣಕ್ಕೆ ಬಂದಳು. ಮೀರಾಳಿಗೆ ಒಂದು ರಬ್ಬರ್ ಮುದ್ರೆಯ ಪೆಟ್ಟಿಗೆ ಕೊಟ್ಟಳು. ಇಬ್ಬರೂ ತಬ್ಬಿಕೊಂಡರು. ಅದು ಸುಳ್ಳು ತಬ್ಬುಗೆಯೇನಲ್ಲ, ದೊಡ್ಡವರಾಗುತ್ತಿರುವ ಮಕ್ಕಳದು. ರೈಲು ಹೊರಟಿತು. ಈ ಸಲ ಮಾತಾಡಬಹುದಾದ ಬೋಗಿಯಲ್ಲಿ ಸೀಟು ನೋಡಿಕೊಂಡಿದ್ದೆ, ಆದರೆ ಏನು ಮಾತಾಡುವುದೆಂದು ತೋಚಲಿಲ್ಲ. ಕಾರ್ಡಿನ ವಿಷಯ ಹೇಳಿಬಿಡುವುದೇ ಸರಿ ಎನಿಸಿತು.

"ಮೀರಾ, ಆ ಕಾರ್ಡ್‌ಗಳು..." ಎಂದು ಶುರುಮಾಡಿದೆ.

"ಪಿಲಾರ್ ಆಂಟಿ ಬರೆದಿದ್ದು. ಗೊತ್ತು."

"ನಿನ್ನೆ ಕೇಳಿಸ್ಕೊಂಡ್ಯಾ?"

"ಇಲ್ಲ. ಮೊದಲೇ ಗೊತ್ತಿತ್ತು. ಇನೆಸ್ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ಲು. ನನ್ನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಅವಳಿಗೆ ಗೊತ್ತು, ಎರಡು ‘ಇ’. ಕಾರ್ಡಲ್ಲಿ ಒಂದೇ ಒಂದು ‘ಐ’ ಹಾಕಿದ್ರು, ಅವರ ‘ಮೀರಾ’ ಥರ."

"ಅಕ್ಟೋಬರಿಂದ ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಹೇಳಲಿಲ್ಲ? ಯಾಕೆ ಬಂದೆ ಇಷ್ಟು ದೂರ?"

ಅವಳು ನನ್ನ ಕಡೆ ತಿರುಗಿದಳು. ಇಷ್ಟು ಸುಲಭದ್ದು ನನಗೆ ತಿಳಿಯದಿರುವುದು ಅವಳಿಗೆ ಸೋಜಿಗ.

"ನಿಂಗೆ ಬರ್ಬೇಕು ಅಂತಿತ್ತಲ್ಲ ಅಮ್ಮ. ಕಾರ್ಡ್ ಬಂದ ದಿನ ನೀನು ಖುಷಿಯಾಗಿ ಇರ್ತಿದ್ದೆ. ಪಿಲಾರ್ ಆಂಟಿಗೆ ಫೋನ್ ಮಾಡ್ತಿದ್ದೆ. ಅಡಿಗೆ ಮಾಡ್ತಾ ಹಾಡು ಹೇಳ್ತಿದ್ದೆ."

ಹೊರಗೆ ಫರ್ ಮರಗಳ ಕಾಡು ಓಡುತ್ತಿತ್ತು. ಮಗಳನ್ನು ಒಂಟಿತನದಿಂದ ಕಾಪಾಡುತ್ತಿದ್ದೇನೆಂದು ನಾನು ತಿಳಿದಿದ್ದೆ. ಅಕ್ಟೋಬರಿನಿಂದ ಅವಳು ನನ್ನನ್ನು ನೋಡಿಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಅವಳೇ ಹೇಳಿದಳು. "ಇನ್ನೊಂದು ವರ್ಷ ಇರೋದಾದ್ರೆ ಇರೋಣ. ನಾನೇ ಅಪ್ಪಂಗೆ ಹೇಳ್ತೀನಿ."

"ನಿಂಗೆ ಹೇಗೆ ಗೊತ್ತು?"

"ಫೋನಲ್ಲಿ ಮಾತಾಡಿದ್ದು ಕೇಳಿಸ್ತು."

"ನಂಗೇನು ಬೇಕು ಅನ್ನೋದು ಬೇರೆ. ನಿಂಗೇನು ಬೇಕು? ನನ್ನ ಬಿಟ್ಟು ಹೇಳು."

ಇದನ್ನು ನಾನು ಅವಳನ್ನು ಕೇಳಿದ್ದು ಅದೇ ಮೊದಲು. ಅವಳು ಮುದ್ರೆಯ ಪೆಟ್ಟಿಗೆಯ ಮುಚ್ಚಳ ತೆಗೆದಳು, ಹಾಕಿದಳು.

"ಅಪ್ಪನ ಸ್ಕೂಟರಲ್ಲಿ ಸ್ಕೂಲಿಗೆ ಹೋಗ್ಬೇಕು" ಎಂದಳು. ಆಮೇಲೆ ಗಾಬರಿಯಾದವಳಂತೆ, "ಆದ್ರೆ ಅಲ್ಲಿ ನಿಂಗೆ ಫ್ರೆಂಡ್ಸ್ ಇದಾರಾ?" ಎಂದಳು.

"ಇದಾರಲ್ಲ, ಬೇಕಾದಷ್ಟು."

"ಯಾರು?"

ಹೆಸರು ಹೇಳಲು ಬಾಯಿ ತೆರೆದೆ. ಕಾಲೇಜಿನ ಇಬ್ಬರು ನೆನಪಾದರು. ಬಂದಾಗಿನಿಂದ ಅವರಿಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ಅವರೂ ಬರೆದಿರಲಿಲ್ಲ. ಮೈಸೂರಿನಲ್ಲಿದ್ದಾಗಲೂ ಸ್ಟಾಫ್ ರೂಮಿನ ಆಚೆ ನಾವು ಭೇಟಿಯಾದದ್ದು ಯಾವಾಗ ಎಂದು ಯೋಚಿಸಿದೆ. ಸ್ವೀಡನ್ನನ್ನು ನಾನು ಎಷ್ಟು ಬಯ್ದುಕೊಂಡಿದ್ದೆ! ಈ ಮೌನದಲ್ಲಿ ಅರ್ಧದಷ್ಟನ್ನು ನಾನೇ ಊರಿನಿಂದ ಕಟ್ಟಿಕೊಂಡು ಬಂದಿದ್ದೆನೋ ಏನೋ.

"ಮಾಡ್ಕೋತೀನಿ" ಎಂದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಜೂನ್, ಉಪ್ಸಾಲಾ

ಪ್ರೊಫೆಸರಿಗೆ ಬೇಡವೆಂದು ಬರೆದೆ. ಬರೆದ ದಿನ ಪ್ರಯೋಗಾಲಯದ ಬಚ್ಚಲಲ್ಲಿ ನಿಂತು ಮುಖ ತೊಳೆದುಕೊಂಡೆ. ಆ ಕೆಲಸ ನನಗೆ ಇಷ್ಟವಿತ್ತು, ಅದನ್ನು ಇಲ್ಲವೆನ್ನಲಾರೆ. ಕಾರ್ಲ್‌ಸ್ಟಾಡ್‌ನಿಂದ ಮತ್ತೆ ಕಾರ್ಡು ಬರಲಿಲ್ಲ. ಫೋನು ಬರುತ್ತಿತ್ತು. ಮೊದಲೆಲ್ಲ ಮಕ್ಕಳನ್ನು ಕರೆದು ಫೋನು ಕೊಟ್ಟು ಶುರುಮಾಡುತ್ತಿದ್ದ ನಾವು ಈಗ ನೇರವಾಗಿ ಮಾತಾಡಬೇಕಾಗಿ ಬಂದಾಗ ಒಂದೆರಡು ಸಲ ತಡವರಿಸಿದೆವು. ಹವೆಯ ವಿಷಯ ಮಾತಾಡಿ ಇಟ್ಟೆವು. ಆಮೇಲೆ ಅಭ್ಯಾಸವಾಯಿತು.

ಜೂನ್‌ನಲ್ಲಿ, ನಾವು ಹೊರಡುವುದಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ನಾನು ಒಳಗೆ ನೆಲದ ಮೇಲೆ ಕೂತು ಪಾತ್ರೆಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತುತ್ತಿದ್ದೆ. ಮೀರಾ ಓಡಿಹೋಗಿ ಬಾಗಿಲು ತೆಗೆದಳು. ನಾನು ಕೂತಲ್ಲಿಂದಲೇ ಕತ್ತು ಚಾಚಿ ನೋಡಿದೆ. ಹೊಸ್ತಿಲ ಮೇಲೆ ಪಿಲಾರ್, ಒಬ್ಬಳೇ, ಹೆಗಲಿಗೆ ಒಂದು ಚೀಲ. ಬರುತ್ತೇನೆಂದು ಹೇಳಿಯೇ ಇರಲಿಲ್ಲ. ಮೀರಾ ಅವಳ ಹಿಂದೆ ಯಾರಿದ್ದಾರೆಂದು ಇಣುಕಲಿಲ್ಲ. ಹೆಗಲಿನ ಚೀಲ ತೆಗೆದುಕೊಂಡು, ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಒಳಗಿನ ಕಡೆ ತಿರುಗಿ ಕೂಗಿದಳು:

"ಅಮ್ಮಾ, ನಿನ್ನ ಫ್ರೆಂಡ್ ಬಂದಿದಾರೆ!"